ಒಂದೇ ಏಟಿಗೆ ತೆರೆದ ಬಾಗಿಲು

ನಮ್ಮೂರಲ್ಲಿ ಮುಚ್ಚಿದ ಬಾಗಿಲನ್ನು ಒಂದೇ ಏಟಿಗೆ ತೆರೆದರೆ ಅದು ಮತ್ತೆ ಮುಚ್ಚುವುದಿಲ್ಲ. ಬಡಗಿ ಬಂದು ಉಳಿ ಹಾಕಲಿ, ಹತ್ತು ಜನ ಸೇರಿ ನೂಕಲಿ, ಗೋಡೆಗೆ ಒರಗಿದ್ದು ಒರಗಿದ್ದೇ. ಕಿತ್ತು ಬಿಸಾಕಿ ಹೊಸ ಬಾಗಿಲು ಕೂರಿಸಿದರೆ ಅದೂ ಮಾರನೆಯ ದಿನ ಗೋಡೆಗೆ ಒರಗಿಕೊಂಡಿರುತ್ತದೆ. ಆದ್ದರಿಂದ ಮೊದಲು ನಾಲ್ಕು ಬೆರಳು ತೆರೆದು ಮುಚ್ಚಬೇಕು, ಆಮೇಲೆ ಒಂದು ಗೇಣು ತೆರೆದು ಮುಚ್ಚಬೇಕು, ಆಮೇಲೆ ಅರ್ಧ ತೆರೆದು ಮುಚ್ಚಬೇಕು. ಇಷ್ಟಾದ ಮೇಲೆ ಪೂರ್ತಿ ತೆರೆಯಬಹುದು. ಪ್ರತಿ ಸಲ ಮುಚ್ಚಿದಾಗಲೂ ಕಾಯಬೇಕು. ಸಣ್ಣ ಬಾಗಿಲಿಗೆ ದೇವರ ಹೆಸರು ಹೇಳುವಷ್ಟು ಹೊತ್ತು ಸಾಕು, ತಲೆಬಾಗಿಲಿಗೆ ಮನೆಯ ಯಜಮಾನ ಒಂದು ಎಲೆಅಡಿಕೆ ಅಗಿದು ಉಗುಳುವಷ್ಟು ಹೊತ್ತು ಬೇಕು. ಕಡಿಮೆ ಕಾದರೆ ಏನಾಗುತ್ತದೆಂದು ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಇಲ್ಲ. ತಪ್ಪಿದರೆ ಬಾಗಿಲು ಹೋಯಿತಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಜನ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ ಹೇಳಿ. ಕಕ್ಕಸಿಗೆ ನಮ್ಮಲ್ಲಿ ಯಾರೂ ಬಾಗಿಲು ಇಡುವುದಿಲ್ಲ, ಗೋಣಿಚೀಲ ಇಳಿಬಿಡುತ್ತಾರೆ. ಕಾರು ಕೊಂಡವನನ್ನು ಶ್ರೀಮಂತ ಅನ್ನುವುದಿಲ್ಲ, ಪೆದ್ದ ಅನ್ನುತ್ತಾರೆ. ಮರ್ಯಾದೆ ಇರುವುದು ಆಟೋಕ್ಕೆ, ಅದಕ್ಕೆ ಬಾಗಿಲೇ ಇಲ್ಲ. ಆಸ್ಪತ್ರೆಗೆ ಬಂದ ಆಂಬುಲೆನ್ಸಿನ ಹಿಂಬಾಗಿಲನ್ನು ಹೊರಗಿನಿಂದ ಬಂದ ಡ್ರೈವರ್ ಮೊದಲ ವಾರವೇ ಧಡಾರನೆ ತೆರೆದ. ಈಗ ಅದರಲ್ಲಿ ಯಾರೋ ಮೇವು ಸಾಗಿಸುತ್ತಾರೆ. ಹೆಂಡತಿಯ ಜೊತೆ ಜಗಳವಾಡಿ ಮನೆ ಬಿಟ್ಟು ಹೊರಟ ಗಂಡಸರು ಮೂರು ಸಲ ತೆರೆದು ಮುಚ್ಚುವಷ್ಟರಲ್ಲಿ ಸಿಟ್ಟು ಇಳಿದು ಊಟಕ್ಕೆ ಕೂರುತ್ತಾರೆ. ಇದನ್ನು ನಮ್ಮವರು ಊರಿನ ಸಂಸ್ಕೃತಿ ಎಂದು ಹೇಳಿಕೊಳ್ಳುತ್ತಾರೆ. ನಾನು ಓದಲು ಹೊರಗೆ ಹೋಗಿ ಹಾಸ್ಟೆಲಿನಲ್ಲಿದ್ದಾಗ ಅಲ್ಲಿನ ಲೈಬ್ರರಿಯ ಬಾಗಿಲನ್ನೂ ಮೊದಮೊದಲು ಹೀಗೇ ತೆರೆಯುತ್ತಿದ್ದೆ. ಒಳಗಿದ್ದವರು ನನಗೆ ತಲೆ ಸರಿ ಇಲ್ಲವೆಂದುಕೊಂಡರು. ಒಂದು ದಿನ ತಳ್ಳಿಕೊಂಡು ಒಳಗೆ ಹೋದೆ. ನನ್ನ ಹಿಂದೆ ಬಾಗಿಲು ತಾನಾಗಿಯೇ ಮೆತ್ತಗೆ ಮುಚ್ಚಿಕೊಂಡಿತು. ಅಷ್ಟು ಸುಖ ನನಗೆ ಅಲ್ಲಿನ ಯಾವ ಪುಸ್ತಕವೂ ಕೊಡಲಿಲ್ಲ.

ಇಂಥ ಊರಿನಲ್ಲಿ ಬಾಗಿಲು ನಂಬಿ ಬದುಕುವವರಿಗೆ ಬರಗಾಲವಿಲ್ಲ. ನನ್ನ ಅಣ್ಣ ಮುರುಗೇಂದ್ರಪ್ಪನದು ಬಿಜಾಗರಿ, ಚಿಲಕ, ಅಗುಳಿಗಳ ಅಂಗಡಿ. ಬೇರೆ ಊರಲ್ಲಿ ಹತ್ತು ವರ್ಷ ಬಾಳುವ ಬಿಜಾಗರಿ ನಮ್ಮಲ್ಲಿ ಮೂರೇ ವರ್ಷಕ್ಕೆ ಸವೆಯುತ್ತದೆ. ಎದುರು ಮನೆಯ ಕೊಟ್ರಬಸಪ್ಪನವರದು ಸಾಗುವಾನಿ ಮರದ ಅಡ್ಡೆ. ಅವರೇ ದ್ವಾರ ಸಮಿತಿಯ ಅಧ್ಯಕ್ಷರು, ಅಣ್ಣ ಅದರ ಕಾರ್ಯದರ್ಶಿ. ಸಮಿತಿಯ ಕೆಲಸ, ಯಾರ ಮನೆಯ ಬಾಗಿಲು ಒರಗಿತು ಎಂದು ನೋಡಿ ಆ ಮನೆಗೆ ‘ಬಾಯ್ಬಿಟ್ಟ ಮನೆ’ ಎಂದು ಹೆಸರಿಡುವುದು. ಹೆಸರಿಟ್ಟರೆ ಆ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಊಟಕ್ಕೆ ಕರೆಯುವುದಿಲ್ಲ. ಕೋಳಿ, ನಾಯಿ, ಆಡು ಮಾತ್ರ ಕರೆಯದೆಯೇ ಬರುತ್ತವೆ.

ನಾನು ಊರಿನ ಆಸ್ಪತ್ರೆಯ ಕ್ಯಾಥ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮಣಿಕಟ್ಟಿನ ರಕ್ತನಾಳದಿಂದ ಹೃದಯದವರೆಗೆ ಸಣ್ಣ ನಳಿಕೆ ತೂರಿಸಿ, ಕಟ್ಟಿಕೊಂಡ ನಾಳವನ್ನು ಬಿಡಿಸುವ ಕೋಣೆ ಅದು. ಅಲ್ಲಿನ ಡಾಕ್ಟರು ಜೆರೋಮ್ ಲೋಬೋ ಕರಾವಳಿಯ ಕಡೆಯವರು. ನಮ್ಮ ಬಾಗಿಲುಗಳನ್ನು ಕಂಡು ಮೊದಲು ನಕ್ಕರು, ಆಮೇಲೆ ಹೆದರಿದರು. ಒಮ್ಮೆ ಮಹಿಳಾ ಸಂಘದಲ್ಲಿ ಅವರ ಭಾಷಣ ಇಟ್ಟಿದ್ದರು. ಎದೆನೋವು ಬಂದಾಗ ಹೃದಯಕ್ಕೆ ರಕ್ತ ಕೊಡುವ ನಾಳ ಮುಚ್ಚಿಕೊಂಡಿರುತ್ತದೆ, ಮುಚ್ಚಿಕೊಂಡಷ್ಟು ಹೊತ್ತೂ ಹೃದಯದ ಮಾಂಸ ಸಾಯುತ್ತಲೇ ಇರುತ್ತದೆ, ಸತ್ತ ಮಾಂಸ ಚಿಗುರುವುದಿಲ್ಲ, ಬೇಗ ಬಂದರೆ ಕಡಿಮೆ ಸಾಯುತ್ತದೆ ಎಂದೆಲ್ಲ ಹೇಳಿದರು. ಹೆಂಗಸರು ಉಪ್ಪಿಟ್ಟು ತಿಂದು ಚಪ್ಪಾಳೆ ತಟ್ಟಿದರು. ಅಷ್ಟೂ ಜನರಲ್ಲಿ ಮಾತನ್ನು ಮನೆಗೆ ಕೊಂಡು ಬಂದವಳು ನನ್ನ ಅತ್ತಿಗೆ ಸರ್ವಮಂಗಳಾ ಒಬ್ಬಳೇ. ಅವತ್ತು ರೊಟ್ಟಿ ಬಡಿಯುತ್ತಾ ಅವಳು ಅಣ್ಣನಿಗೆ ಅದನ್ನೆಲ್ಲ ಹೇಳಿದಳು. ಅಣ್ಣ, ಹೊರಗಿನವರಿಗೆ ಎಲ್ಲದಕ್ಕೂ ಅವಸರ ಎಂದ.

ಇದಾದ ಕೆಲವು ದಿನಕ್ಕೆ ಒಂದು ಬೆಳಗ್ಗೆ, ಬಾಗಿಲು ತೆರೆಯುವ ಹೊತ್ತು. ನಮ್ಮ ಮನೆಯ ತಲೆಬಾಗಿಲನ್ನು ದಿನಾ ಬೆಳಗ್ಗೆ ಅಣ್ಣನೇ ತೆರೆಯಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಅವನು ಸ್ನಾನ ಮುಗಿಸಿ, ವಿಭೂತಿ ಧರಿಸಿ, ಎಲೆಅಡಿಕೆಯ ತಟ್ಟೆ ಹಿಡಿದು ಬಂದ. ನಾನು ಪಡಸಾಲೆಯಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದೆ. ನಾಲ್ಕು ಬೆರಳು ತೆರೆದು ಮುಚ್ಚಿದ. ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟ. ಈಗಷ್ಟೇ ಒರೆಸಿಕೊಂಡ ಮೈಯಿಂದ ನೀರು ಇಳಿಯುತ್ತಿತ್ತು, ಆಮೇಲೆ ನೋಡಿದರೆ ಅದು ಬೆವರು. ಏನಾಯ್ತು ಎಂದು ಕೇಳಿದೆ. ರಾತ್ರಿಯ ಕಡಲೆಬೇಳೆ ಎಂದ. ದವಡೆ ಹಿಡಿದುಕೊಂಡ, ಎಡತೋಳನ್ನು ನೀವಿಕೊಂಡ, ಹಾಗೇ ಗೋಡೆಗೆ ಆತು ಕುಸಿದ. ಅಗಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅತ್ತಿಗೆ ಅಡಿಗೆಮನೆಯಿಂದ ಬಂದು ಅವನ ಮುಖ ನೋಡಿದಳು. ಆಸ್ಪತ್ರೆಗೆ ನಡೀರಿ ಅಂದಳು. ಅಣ್ಣ ಅಗುಳಿಯನ್ನು ಬಿಗಿಯಾಗಿ ಹಿಡಿದುಕೊಂಡು, ಎಲೆಅಡಿಕೆ ಮುಗೀಲಿ ಎಂದ. ಅವನ ಎದೆಯೊಳಗೆ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು. ದಿನಾ ಪರದೆಯ ಮೇಲೆ ನೋಡುವ ಕೆಲಸವೇ ಅದಲ್ಲವೇ. ಆದರೂ ನಾನು ನೋಡುತ್ತಾ ನಿಂತೆ. ಹುಟ್ಟಿದಾಗಿನಿಂದ ಕೈಗೆ ಕಲಿಸಿದ್ದು ಓದಿನಿಂದ ಅಷ್ಟು ಸುಲಭವಾಗಿ ಬಿಟ್ಟು ಹೋಗುವುದಿಲ್ಲ. ಆಸ್ಪತ್ರೆಗೆ ಫೋನು ಮಾಡಿ ಲೋಬೋ ಡಾಕ್ಟರನ್ನು ಸಿದ್ಧವಾಗಿರಲು ಹೇಳಿದೆ. ಎರಡನೆಯ ಸಲ ಅಣ್ಣ ಕೂತಲ್ಲಿಂದಲೇ ಒಂದು ಗೇಣು ತೆರೆದ. ಆ ಸಂದಿನಲ್ಲಿ ಎದುರು ಮನೆಯ ಕೊಟ್ರಬಸಪ್ಪನವರ ಮೂಗು ಮತ್ತು ಒಂದು ಕಣ್ಣು ಕಂಡವು.

“ಏನಪ್ಪಾ ಮುರುಗೇಂದ್ರ, ಇವತ್ತು ಕೂತು ತೆಗಿತಿದ್ದಿ?”

ಅತ್ತಿಗೆ ಒಳಗಿನಿಂದಲೇ ಎದೆನೋವು ಎಂದಳು. ಕೊಟ್ರಬಸಪ್ಪನವರು ಸಂದಿಗೆ ಬಾಯಿಟ್ಟು, ಅದು ಗ್ಯಾಸು, ಓಮಿನ ಕಾಳು ಅಗಿಯಲಿ, ಗಡಿಬಿಡಿ ಮಾಡಿ ಬಾಗಿಲು ಕಳಕೊಂಡೀರಿ, ಕಾರ್ಯದರ್ಶಿಯ ಮನೆಯೇ ಬಾಯ್ಬಿಟ್ಟರೆ ಸಮಿತಿಯ ಗತಿ ಏನು ಎಂದರು. ಅಣ್ಣ ಅದಕ್ಕೆ ತಲೆಯಾಡಿಸಿ ಬಾಗಿಲು ಮುಚ್ಚಿ, ಇನ್ನೊಂದು ಎಲೆ ತೆಗೆದುಕೊಂಡ. ಆ ಎಲೆ ಅವನ ಕೈಯಿಂದ ಜಾರಿತು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಅತ್ತಿಗೆ ಸೆರಗು ಸಿಕ್ಕಿಸಿಕೊಂಡಳು. ಅಣ್ಣನ ಬೆರಳುಗಳನ್ನು ಅಗುಳಿಯಿಂದ ಒಂದೊಂದಾಗಿ ಬಿಡಿಸಿದಳು. “ಸಾಕು” ಅಂದವಳೇ ಬಾಗಿಲನ್ನು ಎರಡೂ ಕೈಯಿಂದ ಎಳೆದು ಗೋಡೆಗೆ ಬಡಿದಳು. ಆ ಸದ್ದಿಗೆ ಬೀದಿಯ ಕಾಗೆಗಳು ಎದ್ದವು. ಬಾಗಿಲು ಗೋಡೆಗೆ ಒರಗಿತು. ಮೂರು ತಲೆಮಾರಿನ ಬಾಗಿಲು. ಕೊಟ್ರಬಸಪ್ಪನವರು ಹೆಣ ಕಂಡವರ ಹಾಗೆ ಬಾಗಿಲನ್ನು ನೋಡುತ್ತಾ ನಿಂತರು. ಅದರ ಪಕ್ಕದಲ್ಲಿ ಕೂತಿದ್ದ ಮನುಷ್ಯನ ಕಡೆ ಅವರ ಕಣ್ಣು ಹೋಗಲೇ ಇಲ್ಲ.

ಆಗ ನನ್ನ ಕಾಲಿಗೂ ಜೀವ ಬಂತು. ಅಣ್ಣನನ್ನು ಎತ್ತಿ ಆಟೋದಲ್ಲಿ ಹಾಕಿದೆವು. ಆಸ್ಪತ್ರೆಯಲ್ಲಿ ಮಾತ್ರೆ ಅಗಿಸಿದರು, ಇಸಿಜಿ ತೆಗೆದರು. ಲೋಬೋ ಡಾಕ್ಟರು ಆ ಕಾಗದ ನೋಡಿ, ಬನ್ನಿ ಬನ್ನಿ ಎಂದು ಮುಂದೆ ಓಡಿದರು. ಕ್ಯಾಥ್ ಲ್ಯಾಬಿಗೆ ಸೀಸದ ತಗಡು ಹೊದಿಸಿದ ಭಾರದ ಬಾಗಿಲು. ಅದರ ಮುಂದೆ ಅಟೆಂಡರ್ ನಿಂತು, ದೇವರ ಹೆಸರು ಹೇಳುತ್ತಾ ಮೊದಲನೆಯ ನಾಲ್ಕು ಬೆರಳು ತೆರೆಯುತ್ತಿದ್ದ. ನಾನು ಅವನನ್ನು ಪಕ್ಕಕ್ಕೆ ತಳ್ಳಿ ಬಾಗಿಲನ್ನು ಒದ್ದೆ. ಈಗಲೂ ಅಲ್ಲಿ ಬಾಗಿಲ ಬದಲು ಸೀಸದ ಪರದೆ ಇದೆ. ನನಗೆ ನೋಟೀಸೂ ಬಂತು.

ಒಪ್ಪಿಗೆ ಪತ್ರಕ್ಕೆ ಸಹಿ ಬೇಕು ಎನ್ನುವಷ್ಟರಲ್ಲಿ ಕೊಟ್ರಬಸಪ್ಪನವರು ಸಮಿತಿಯ ನಾಲ್ಕು ಜನರೊಂದಿಗೆ ಇನ್ನೊಂದು ಆಟೋದಲ್ಲಿ ಬಂದಿಳಿದರು. ನಮ್ಮ ಬಾಗಿಲು ಹೋದ ದುಃಖ ಆಗಲೇ ಕಳೆದು, ಅವರಿಗೆ ಹೊಸ ಕೆಲಸ ಹೊಳೆದಿತ್ತು. ಡಾಕ್ಟರು ಹೃದಯದ ನಾಳವನ್ನು ತೆರೆಯುತ್ತಾರಂತೆ. ತೆರೆಯುವುದೆಂದ ಮೇಲೆ ಅದೂ ಬಾಗಿಲೇ. ಊರಿನ ಮನುಷ್ಯನ ಎದೆಯ ಬಾಗಿಲನ್ನು ಊರಿನ ಪದ್ಧತಿಯಲ್ಲೇ ತೆರೆಯಬೇಕು, ಮೂರು ಸಲ ಮುಚ್ಚಿ, ನಡುನಡುವೆ ಕಾದು. ಡಾಕ್ಟರು ಹಾಗೆ ಬರೆದುಕೊಟ್ಟರೆ ಮಾತ್ರ ಸಹಿ ಎಂದು ಪಟ್ಟು ಹಿಡಿದರು.

“ಯಜಮಾನ್ರೇ, ಇದು ಮನೆ ಅಲ್ಲ ಮಾರಾಯ್ರೆ,” ಎಂದರು ಲೋಬೋ ಡಾಕ್ಟರು. “ಒಳಗೆ ಮಾಂಸ ಸಾಯ್ತಾ ಉಂಟು.”

“ಸಾಯೋದು ಬದುಕೋದು ಇದ್ದದ್ದೇ ಡಾಕ್ಟ್ರೇ. ನಾಳೆ ನಾಳ ಮುಚ್ಚದೆ ಹೋದರೆ?”

ಲೋಬೋ ಡಾಕ್ಟರು ಅವರನ್ನೇ ನೋಡಿದರು. ಮುಚ್ಚಬಾರದು ಎಂತಲೇ ತೆರೆಯುವುದು ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತಿಗೆ ಕೊಟ್ರಬಸಪ್ಪನವರ ಕಂಕುಳ ಕೆಳಗಿನಿಂದ ಕೈ ಚಾಚಿ ಸಹಿ ಹಾಕಿಯಾಗಿತ್ತು.

ಒಳಗೆ ಪರದೆಯ ಮೇಲೆ ಅಣ್ಣನ ಹೃದಯ ಕಂಡಿತು. ಮುಂಭಾಗದ ದೊಡ್ಡ ನಾಳ ಅರ್ಧಕ್ಕೇ ಮುರಿದ ರೆಂಬೆಯ ಹಾಗೆ ನಿಂತಿತ್ತು, ಅದರಾಚೆ ಏನೂ ಇಲ್ಲ. ಡಾಕ್ಟರು ಕೂದಲಿನಂಥ ತಂತಿ ತೂರಿಸಿದರು. ಅದರ ಮೇಲಿಂದ ಸಣ್ಣ ಬಲೂನು ಇಳಿಸಿ ಉಬ್ಬಿಸಿದರು. ರಕ್ತ ಆಚೆ ನುಗ್ಗಿತು. ನುಗ್ಗಿದ್ದೇ ತಡ, ಮಾನಿಟರಿನ ಗೆರೆ ಹುಚ್ಚುಹುಚ್ಚಾಗಿ ಕುಣಿಯತೊಡಗಿತು. ಡಾಕ್ಟರು, ಹೆದರಬೇಡಿ, ಬತ್ತಿದ ಕಾಲುವೆಗೆ ಒಮ್ಮೆಲೇ ನೀರು ಬಿಟ್ಟರೆ ಗಲಾಟೆ ಉಂಟೇ ಉಂಟು ಎನ್ನುತ್ತಾ ಗೆರೆಯನ್ನೇ ನೋಡುತ್ತಿದ್ದರು. ಗೆರೆ ಕುಣಿದು ಕುಣಿದು ಸುಸ್ತಾಗಿ ತಾನೇ ಸರಿಯಾಯಿತು. ಕಟ್ಟಿದ ಜಾಗ ಗಟ್ಟಿಯಾಗಿದ್ದರಿಂದ ಇನ್ನೆರಡು ಸಲ ಬಲೂನು ಉಬ್ಬಿಸಬೇಕಾಯಿತು. ಆಮೇಲೆ ನಾಳ ಮತ್ತೆ ಮುಚ್ಚದ ಹಾಗೆ ಒಳಗೆ ಸ್ಟೆಂಟು ಎಂಬ ಸಣ್ಣ ಜಾಲರಿ ಕೂರಿಸಿದರು. ರೆಂಬೆಯ ತುದಿಯವರೆಗೂ ರಕ್ತ ಹರಿಯಿತು. ಅಣ್ಣ ಕಣ್ಣು ಬಿಟ್ಟು ಮೊದಲು ಕೇಳಿದ್ದು, ತಲೆಬಾಗಿಲು ಏನಾಯಿತು ಎಂದು.

ಹೊರಗೆ ಬಂದು ಲೋಬೋ ಡಾಕ್ಟರು, ಪ್ರಾಣಕ್ಕೆ ಅಪಾಯವಿಲ್ಲ, ಸ್ವಲ್ಪ ಹಟ ಮಾಡಿತು, ಮೂರು ಸಲ ಬಲೂನು ಉಬ್ಬಿಸಬೇಕಾಯ್ತು ಎಂದು ಸತ್ಯ ಹೇಳಿದರು. ನಮ್ಮೂರಿನವರ ಮುಂದೆ ಸತ್ಯ ಹೇಳುವ ಮೊದಲು ಎರಡು ಸಲ ಯೋಚಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊಟ್ರಬಸಪ್ಪನವರು ಮೂರು ಬೆರಳು ಎತ್ತಿ ಸಮಿತಿಯವರ ಕಡೆ ತಿರುಗಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು: ಹೊರಗಿನ ಡಾಕ್ಟರು ಕೂಡ ಕೊನೆಗೆ ನಮ್ಮ ಪದ್ಧತಿಯಲ್ಲೇ ಎದೆ ತೆರೆದರಂತೆ, ಅದಕ್ಕೇ ಮುರುಗೇಂದ್ರ ಉಳಿದನಂತೆ. ಎಕೋ ಪರೀಕ್ಷೆಯಲ್ಲಿ ಹೃದಯದ ಮಾಂಸ ಸತ್ತದ್ದು ಒಂದು ಉಗುರಿನಷ್ಟು ಎಂದು ತಿಳಿದ ಮೇಲಂತೂ ಕೇಳುವುದೇ ಬೇಡ. ಉಗುರು ಎಂದರೆ ಬಾಗಿಲಿನ ಮೊದಲ ನಾಲ್ಕು ಬೆರಳಿನದ್ದೇ ಎಂದು ಒಬ್ಬರು ಅರ್ಥವನ್ನೂ ಹೇಳಿದರು.

ಲೋಬೋ ಡಾಕ್ಟರು ವಾರ್ಡಿನಲ್ಲಿ ನಮಗಿಬ್ಬರಿಗೆ ಬಿಡಿಸಿ ಹೇಳಿದರು. ನಾಳ ಮುಚ್ಚಿದ್ದರಿಂದ ಒಂದು ಪಾಲು ಮಾಂಸ ಸಾಯುತ್ತದೆ. ಒಮ್ಮೆಲೇ ನುಗ್ಗುವ ರಕ್ತದಿಂದಲೂ ಒಂದಿಷ್ಟು ಹಾಳಾಗುತ್ತದೆ. ಈ ಎರಡನೆಯದನ್ನು ತಗ್ಗಿಸಲು ಲೋಕದ ಡಾಕ್ಟರುಗಳು ಏನೇನೋ ಮಾಡಿದ್ದಾರೆ. ಮೈ ತಂಪು ಮಾಡಿ ನೋಡಿದ್ದಾರೆ, ತೋಳಿಗೆ ಪಟ್ಟಿ ಬಿಗಿದು ಬಿಗಿದು ಬಿಟ್ಟಿದ್ದಾರೆ, ನಿಮ್ಮೂರಿನ ಹಾಗೆ ನಾಳವನ್ನು ತೆರೆದು ಮುಚ್ಚಿ ತೆರೆದು ಮುಚ್ಚಿಯೂ ನೋಡಿದ್ದಾರೆ. ಸಣ್ಣ ಪರೀಕ್ಷೆಗಳಲ್ಲಿ ಆಸೆ ಹುಟ್ಟಿತು, ದೊಡ್ಡ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. “ನಿಂತದ್ದು ಒಂದೇ ಅಮ್ಮಾ, ಬೇಗ ಬಂದದ್ದು. ಇವರನ್ನು ಉಳಿಸಿದ್ದು ನೀವು ಬಡಿದ ಬಾಗಿಲು. ನನ್ನ ಬಲೂನಿನ ಲೆಕ್ಕ ಅಲ್ಲ,” ಎಂದರು. ಅತ್ತಿಗೆ, ಇದನ್ನು ಹೊರಗೆ ಹೇಳಬೇಡಿ, ನಿಮ್ಮನ್ನೂ ಓಡಿಸ್ತಾರೆ ಅಂದಳು.

ಅಣ್ಣ ಮನೆಗೆ ಬಂದ. ಬಾಗಿಲು ಒರಗಿತ್ತು. ಪಡಸಾಲೆಯ ಮಂಚದ ಮೇಲೆ ಅವನು ಮಲಗಿದರೆ ಬೀದಿಗೆಲ್ಲ ಕಾಣುತ್ತಿದ್ದ. ಹೋಗುವವರು ಬರುವವರು ನಿಂತು, ಹೇಗಿದ್ದೀರಿ ಎಂದು ಅವನನ್ನು ಕೇಳುತ್ತಾ ಬಾಗಿಲನ್ನು ನೋಡುತ್ತಿದ್ದರು. ಪಕ್ಕದ ಮನೆಯ ಆಡು ಬಂದು ಅವನ ಮಾತ್ರೆಯ ಚೀಟಿ ತಿಂದಿತು. ಬಿಜಾಗರಿ ಮಾರುವವನ ಮನೆಯಲ್ಲೇ ಬಾಗಿಲು ಹಾಳಾಯಿತೆಂದರೆ ಅಂಗಡಿಗೆ ಯಾರು ಬರುತ್ತಾರೆ ಎಂದು ಅವನು ದಿನವೂ ಕೊರಗಿದ. ತಾನು ಬದುಕಿದ್ದೇನೆ ಎಂಬುದು ಅವನಿಗೆ ಒಂದು ದಿನವೂ ದೊಡ್ಡ ವಿಷಯವಾಗಲಿಲ್ಲ. ಒಂದು ಮಧ್ಯಾಹ್ನ, ಇನ್ನೊಂದು ಎಲೆಅಡಿಕೆಗೆ ಕಾಯೋಕೆ ಆಗಲಿಲ್ಲವೇ ನಿನಗೆ ಎಂದು ಅತ್ತಿಗೆಯನ್ನು ಕೇಳಿದ.

“ಬಾಗಿಲು ಉಳಿಸಿದ್ದರೆ ಅದರಲ್ಲೇ ನಿಮ್ಮನ್ನ ಹೊರಗೆ ಒಯ್ತಿದ್ದೆವು,” ಅಂದಳು ಅವಳು. “ಬೈಬೇಕಾ, ಬೈರಿ. ಬೈಯೋಕೆ ಉಸಿರು ಐತಲ್ಲ.”

ದ್ವಾರ ಸಮಿತಿ ಸಮಾರಂಭ ಮಾಡಿತು. ಅಣ್ಣನಿಗೆ ಶಾಲು, ಲೋಬೋ ಡಾಕ್ಟರಿಗೆ ಶಾಲು, ಪದ್ಧತಿಯನ್ನು ನೆನಪಿಸಿದ್ದಕ್ಕೆ ಕೊಟ್ರಬಸಪ್ಪನವರಿಗೆ ಎಲ್ಲರಿಗಿಂತ ದೊಡ್ಡ ಶಾಲು. ಅತ್ತಿಗೆಗೆ ಆಮಂತ್ರಣವಿರಲಿಲ್ಲ, ಬಾಯ್ಬಿಟ್ಟ ಮನೆಯ ಹೆಂಗಸು. ಅಣ್ಣ ತನ್ನ ಶಾಲನ್ನು ತಂದು ತಲೆಬಾಗಿಲಿಗೆ ಪರದೆಯಾಗಿ ಕಟ್ಟಿಸಿದ. ಮೂರೇ ದಿನದಲ್ಲಿ ಆಡು ಅದನ್ನೂ ತಿಂದಿತು.

ಬೇಸಿಗೆ ಬರುವ ಹೊತ್ತಿಗೆ ಕೊಟ್ರಬಸಪ್ಪನವರಿಗೇ ಎದೆನೋವು ಬಂತು. ಅವರದು ದೊಡ್ಡ ಮನೆ. ಮಲಗುವ ಕೋಣೆಗೆ ಒಂದು ಬಾಗಿಲು, ನಡುಮನೆಗೆ ಒಂದು, ಪಡಸಾಲೆಗೆ ಒಂದು, ತಲೆಬಾಗಿಲು, ಅದರಾಚೆ ಕಾಂಪೌಂಡಿನ ಗೇಟು, ಎಲ್ಲವೂ ಅವರದೇ ಅಡ್ಡೆಯ ಸಾಗುವಾನಿ. ಹಿರಿಯ ಮಗ ಸಿದ್ಧಲಿಂಗ ಒಂದೊಂದನ್ನೂ ಕ್ರಮ ತಪ್ಪದೆ ತೆರೆದ. ಅವನ ಹೆಂಡತಿ ಗಂಗಾಂಬಿಕೆ ಎರಡು ಸಲ, ತೆಗೆದುಬಿಡ್ರೀ ಎಂದು ಅತ್ತಳಂತೆ. ಮಾವನವರೇ ಮಂಚದಿಂದ ಕೈ ಬೀಸಿ, ಸಾವಕಾಶ ಎಂದರಂತೆ. ಅಷ್ಟು ಹೊತ್ತೂ ಅಗಿಯಲು ಮನೆಯ ಯಜಮಾನರಿಗೆ ಶಕ್ತಿಯಿರಲಿಲ್ಲ, ಅವರ ಪರವಾಗಿ ಮಗನೇ ಎಲೆಅಡಿಕೆ ಅಗಿದ. ಅವರು ನಮ್ಮ ಟೇಬಲ್ಲಿನ ಮೇಲೆ ಬರುವಾಗ ಲೋಬೋ ಡಾಕ್ಟರು ಮಾಡಬಹುದಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ನಾಳ ಸಲೀಸಾಗಿ ಒಂದೇ ಸಲಕ್ಕೆ ತೆರೆಯಿತು. ಆದರೆ ಅದರಾಚೆಯ ಮಾಂಸ ಅರ್ಧಕ್ಕರ್ಧ ಸತ್ತಿತ್ತು. ಅದು ಇನ್ನು ಮಿಡಿಯುವುದಿಲ್ಲ, ಮಿಡಿಯುವ ಅರ್ಧದ ಜೊತೆ ಸುಮ್ಮನೆ ಅಲುಗಾಡುತ್ತದೆ.

ಅವರು ಉಳಿದರು. ಆದರೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಕಾಲು ಊತ, ಕುಡಿಯುವ ನೀರಿಗೂ ಡಾಕ್ಟರ ಅಳತೆ. ಯಾವ ಬಾಗಿಲ ಮುಂದೆಯೂ ಅದು ಮೂರು ಸಲ ತೆರೆದು ಮುಚ್ಚುವ ತನಕ ನಿಲ್ಲಲು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಊರಲ್ಲಿ ಅವರು ಹೋಗಬಹುದಾದ ಮನೆ ಒಂದೇ ಉಳಿಯಿತು. ಬೆಳಗ್ಗೆ ಮನೆಯವರು ಬಾಗಿಲು ತೆರೆದ ಮೇಲೆ ಸೊಸೆ ಅವರನ್ನು ಬೀದಿ ದಾಟಿಸಿ ನಮ್ಮ ಪಡಸಾಲೆಯಲ್ಲಿ ಕೂರಿಸುತ್ತಿದ್ದಳು, ಕತ್ತಲಾಗುವ ಮುಂಚೆ ಕರೆದೊಯ್ಯುತ್ತಿದ್ದಳು. ಅಣ್ಣ ಅವರ ಪಕ್ಕದಲ್ಲಿ ಕೂತು ಇಬ್ಬರೂ ಬಾಗಿಲುಗಳ ವಿಷಯವೇ ಮಾತಾಡುತ್ತಿದ್ದರು. ಬಾಯ್ಬಿಟ್ಟ ಮನೆಯಲ್ಲಿ ಕೂತು ಬಾಯ್ಬಿಟ್ಟ ಮನೆಗಳನ್ನು ಬೈಯುವುದು ಅವರಿಗೆ ವಿಚಿತ್ರವೆನಿಸಲಿಲ್ಲ. ಅತ್ತಿಗೆ ಅಳತೆಯ ಲೋಟದಲ್ಲಿ ಮಜ್ಜಿಗೆ ಕೊಟ್ಟು ಒಳಗೆ ಹೋಗುತ್ತಿದ್ದಳು.

ಒಂದು ದಿನ ಊಟದ ನಂತರ ಎದುರು ಮನೆಯವರು ಬಿಸಿಲಿಗೆ ಬಾಗಿಲು ಹಾಕಿಕೊಂಡಿದ್ದರು. ನಾನು ಪಡಸಾಲೆಯಲ್ಲಿ ಪುಸ್ತಕ ಓದುತ್ತಿದ್ದೆ, ಹಿರಿಯರಿಬ್ಬರೂ ತೂಕಡಿಸುತ್ತಿದ್ದರು. ಆಗ ಎದುರಿನಿಂದ ಆ ಸದ್ದು ಬಂತು, ಭಾರದ ಸಾಗುವಾನಿ ಗೋಡೆಗೆ ಬಡಿದ ಸದ್ದು. ಹಿಂದೆಯೇ ಗೇಟು ಬಡಿದ ಸದ್ದು. ಗಂಗಾಂಬಿಕೆ ಗಂಡನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಬೀದಿಗೆ ಬಂದಿದ್ದಳು. ಸಿದ್ಧಲಿಂಗನ ಅಂಗಿ ಬೆವರಿಗೆ ಮೈಗಂಟಿತ್ತು. “ಸರ್ವಮಂಗಳಕ್ಕಾ, ಆಟೋ,” ಎಂದಳು. ಅತ್ತಿಗೆ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು, ನಾನೂ ಓಡಿದೆ. ಕೊಟ್ರಬಸಪ್ಪನವರು ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. ಏನೋ ಹೇಳಲು ಹೋದರು, ಉಸಿರು ಸಾಲಲಿಲ್ಲ. ಅಣ್ಣ ಅವರ ಪರವಾಗಿ, ಅಯ್ಯೋ ಬಾಗಿಲು, ಎಂದ.

ಸಿದ್ಧಲಿಂಗನ ನಾಳ ತೆರೆದು ಸ್ಟೆಂಟು ಕೂರಿಸಿದೆವು. ಸತ್ತದ್ದು ತೀರಾ ಕಡಿಮೆ, ಎಕೋದಲ್ಲಿ ಹುಡುಕಿ ನೋಡಬೇಕು ಅಷ್ಟು. ಸಂಜೆ ಮನೆಗೆ ಬಂದಾಗ ಕೊಟ್ರಬಸಪ್ಪನವರು ಅದೇ ಕುರ್ಚಿಯಲ್ಲಿ ಕೂತು ಎದುರಿಗೆ ತಮ್ಮ ಮನೆಯ ಒರಗಿದ ಬಾಗಿಲನ್ನು ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಅದು ಮಗನಿಗೋ ಬಾಗಿಲಿಗೋ ನನಗೆ ತಿಳಿಯಲಿಲ್ಲ. ಮಗ ಕ್ಷೇಮ, ಹೃದಯಕ್ಕೆ ಹೆಚ್ಚು ಪೆಟ್ಟಾಗಿಲ್ಲ, ನಾಳಿದ್ದು ಎದ್ದು ಓಡಾಡುತ್ತಾನೆ ಎಂದೆ. ಅವರು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು.

“ಸೊಸೆ ಎಷ್ಟು ಸಲ ತೆಗೆದಳು?”

“ಒಂದೇ ಏಟಿಗೆ. ನೀವೂ ಕೇಳಿದಿರಲ್ಲ.”

ಅವರು ತಮ್ಮ ಊದಿದ ಕಾಲುಗಳನ್ನು ನೋಡಿಕೊಂಡರು. ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಇಷ್ಟು ವರ್ಷದಲ್ಲಿ ಮೊದಲ ಸಲ ಈ ಮನುಷ್ಯನ ತಲೆಯೊಳಗೆ ಏನೋ ಒಂದು ತೆರೆಯುತ್ತಿದೆ ಎಂದು ನನಗೆ ಅನಿಸಿತು. ನಾನು ಅವರ ಪಕ್ಕದಲ್ಲಿ ಕೂತು ಕಾದೆ. ಅತ್ತಿಗೆಯೂ ಅಡಿಗೆಮನೆಯಿಂದ ಕತ್ತು ಚಾಚಿದಳು.

“ಹಂಗಾದ್ರೆ,” ಎಂದರು ಅವರು, ಪದಕ್ಕೊಂದು ಉಸಿರು ಹಾಕುತ್ತಾ, “ಡಾಕ್ಟ್ರು ಒಳಗೆ ಮೂರು ಸಲ ತೆಗೆದಿರಬೇಕು.”

ಅಣ್ಣ, ಮತ್ತೆ, ಇಲ್ಲದಿದ್ದರೆ ಹ್ಯಾಗೆ ಎಂದು ತಲೆಯಾಡಿಸಿದ.

ನಾನು ಎದ್ದು ಹೊರಟೆ. ಹಿಂದೆ ಬಾಗಿಲನ್ನು ಧಡಾರನೆ ಎಳೆದು ಮುಚ್ಚಿ ಹೋಗಬೇಕೆಂದು ಕೈಯೇನೋ ಚಾಚಿತು. ನಮ್ಮ ಮನೆಯಲ್ಲಿ ಆ ಸುಖವೂ ಇಲ್ಲ.